ಕ್ಷೇತ್ರ ಕಳೆದುಕೊಂಡ ನಮ್ಮ ಭಾವ

ಹಾಲಿ ಶಾಸಕರ ನೆಂಟನಾಗಿರುವುದು ಸುಲಭ. ಅವರು ಬೆಂಗಳೂರಿನಲ್ಲಿರುತ್ತಾರೆ, ನಾವು ನಮ್ಮ ಊರಿನಲ್ಲಿರುತ್ತೇವೆ, ಮದುವೆ ಮುಂಜಿಗಳಲ್ಲಿ ಭೇಟಿಯಾದರೆ ಅವರ ಸುತ್ತ ನಿಂತ ಜನರ ಭುಜಗಳ ನಡುವಿನಿಂದ ಕೈಯೆತ್ತಿ ನಮಸ್ಕಾರ ಮಾಡಿದರೆ ಸಂಬಂಧ ಉಳಿಯುತ್ತದೆ. ಮಾಜಿ ಶಾಸಕರ ನೆಂಟನಾಗಿರುವುದು ಮಾತ್ರ ಬಹಳ ಕಷ್ಟ. ಏಕೆಂದರೆ ಮಾಜಿ ಶಾಸಕರು ನಮ್ಮ ಮನೆಯಲ್ಲಿರುತ್ತಾರೆ.

ನನ್ನ ಹೆಂಡತಿ ಸುಮಿತ್ರೆಯ ಅಣ್ಣ ಶೇಷಪ್ಪಗೌಡರು ಒಂದು ಕಾಲದಲ್ಲಿ ಹೊಸನಗರದ ಶಾಸಕರಾಗಿದ್ದವರು. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಪಕ್ಕದ ಕೋಣೆಯಿಂದ ಕೇಳಿದರೆ ಒಬ್ಬನೇ ಮನುಷ್ಯ ತನ್ನ ಜೊತೆ ತಾನೇ ವಾದ ಮಾಡುತ್ತಿರುವಂತೆ ಕೇಳಿಸುತ್ತದೆ ಎಂದು ಸುಮಿತ್ರೆಯ ದೂರು. ನಾನು ಸಾಗರದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ತಣ್ಣಗೆ ಇರುವವನು. ನನ್ನದು ಕುಳಿತು ಮಾಡುವ ಕೆಲಸ. ಭಾವನಿಗೆ ಕುಳಿತುಕೊಳ್ಳುವುದು ಎಂದರೇ ಆಗದು. ಚುನಾವಣೆಯಲ್ಲಿ ಸೋತಾಗಲೆಲ್ಲ, ಸಮಾಧಾನ ಹೇಳಲು ಬರುವವರ ಕಾಟ ತಡೆಯಲಾರದೆ, ಎರಡು ದಿನ ಇದ್ದು ಹೋಗುತ್ತೇನೆಂದು ಹೊಸನಗರದಿಂದ ನಮ್ಮಲ್ಲಿಗೆ ಬರುತ್ತಿದ್ದರು. ಬಂದವರು ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ನನ್ನ ಅಂಗಡಿಗೆ ತಿರುಗುತ್ತಿದ್ದರು. ಅಂಗಡಿಯಲ್ಲಿ ಯಾರೋ ಪಾಪ ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರ ಓದಲು ಒದ್ದಾಡುತ್ತಿದ್ದರೆ, ಇವರು ಅವರ ಹಿಂದೆ ನಿಂತು, ನಿಮ್ಮೂರ ರಸ್ತೆಗೆ ಡಾಂಬರು ಆಯಿತೇ ಎಂದು ಕೇಳುತ್ತಿದ್ದರು. ಆತ ಬೆಚ್ಚಿ ಮುಚ್ಚಿದ ಕಣ್ಣು ಬಿಡುತ್ತಿದ್ದ. ಹಾಗೆ ತಪ್ಪು ನಂಬರಿನ ಕನ್ನಡಕ ಹಾಕಿಕೊಂಡು ಓಡಾಡುತ್ತಿರುವವರು ಈ ತಾಲ್ಲೂಕಿನಲ್ಲಿ ಕೆಲವರಾದರೂ ಇದ್ದಾರೆ ಎಂಬ ಅನುಮಾನ ನನಗಿದೆ.

ಅವರು ಕುಳಿತುಕೊಳ್ಳಲಾರದೆ ಇರುವುದಕ್ಕೆ ಕಾರಣವಿದೆ. ಶಾಸಕರಾಗುವ ಮೊದಲು ಅವರು ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಯೌವನವನ್ನೆಲ್ಲ ನಿಂತೇ ಕಳೆದವರು. ಒಂದು ಚುನಾವಣೆಯ ವರ್ಷ ಅವರ ಪಕ್ಷದ ಇಬ್ಬರು ದೊಡ್ಡ ಮನುಷ್ಯರು ಟಿಕೆಟ್ಟಿಗಾಗಿ ಜಗಳವಾಡಿದರು. ಇವನಿಗೆ ಕೊಟ್ಟರೆ ಅವನು ಸೋಲಿಸುತ್ತಾನೆ, ಅವನಿಗೆ ಕೊಟ್ಟರೆ ಇವನು. ಕೊನೆಗೆ ಇಬ್ಬರೂ ಬೇಡ ಎನ್ನದ ಒಂದೇ ಹೆಸರು ನಮ್ಮ ಭಾವನದಾಗಿತ್ತು. ಏಕೆಂದರೆ ಇಬ್ಬರೂ ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪ್ರಚಾರಕ್ಕೆ ಭಾವ ಜೀಪು ಹತ್ತಲಿಲ್ಲ. ಎಂದಿನಂತೆ ಬಸ್ಸು ಹತ್ತಿ, ಸೀಟುಗಳ ನಡುವೆ ಹಿಂದಿನಿಂದ ಮುಂದಕ್ಕೆ ನಡೆಯುತ್ತ, ಟಿಕೆಟ್ ಕೇಳುತ್ತಿದ್ದ ಜಾಗದಲ್ಲಿ ವೋಟು ಕೇಳಿದರು. ಜನ ಅಭ್ಯಾಸಬಲದಿಂದ ಕೊಟ್ಟೇಬಿಟ್ಟರು.

ವಿಧಾನಸೌಧದಲ್ಲಿ ಕುಳಿತುಕೊಳ್ಳಲು ಕುರ್ಚಿ ಕೊಟ್ಟಿದ್ದೇ ಅವರಿಗೆ ತೊಂದರೆಯಾಯಿತು. ಸದನದಲ್ಲಿ ಸುಮ್ಮನೆ ಎದ್ದು ನಿಂತಿರುತ್ತಿದ್ದರಂತೆ. ಏನಾದರೂ ಹೇಳುವುದಿದೆಯೇ ಎಂದು ಸಭಾಧ್ಯಕ್ಷರು ಕೇಳಿದರೆ ಇಲ್ಲ ಎನ್ನುತ್ತಿದ್ದರಂತೆ. ಒಂದು ಸಲ ಹೀಗೆ ನಿಂತಿದ್ದಾಗ ಎಲ್ಲರೂ ತಿರುಗಿ ನೋಡಿದ್ದರಿಂದ ಗಾಬರಿಯಾಗಿ, ರಿಪ್ಪನ್‌ಪೇಟೆಯಿಂದ ಒಳಗಿನ ಹಳ್ಳಿಗಳಿಗೆ ಸಂಜೆ ಒಂದು ಬಸ್ಸು ಬೇಕು ಎಂದುಬಿಟ್ಟರು. ಆಶ್ಚರ್ಯವೆಂದರೆ ಬಸ್ಸು ಬಂತು. ಅವರ ಅಧಿಕಾರಾವಧಿಯ ಕಣ್ಣಿಗೆ ಕಾಣುವ ಸಾಧನೆ ಅದೊಂದೇ. ಮುಂದಿನ ಚುನಾವಣೆಯಲ್ಲಿ ಆ ಇಬ್ಬರು ದೊಡ್ಡ ಮನುಷ್ಯರು ರಾಜಿಯಾಗಿ, ಕೈಜೋಡಿಸಿ, ಭಾವನನ್ನು ಚೆನ್ನಾಗಿಯೇ ಸೋಲಿಸಿದರು.

ಸೋತವನು ಮತ್ತೆ ಗೆಲ್ಲಬಹುದು. ಭಾವ ಅದಕ್ಕೆ ಸಿದ್ಧವಾಗುತ್ತಿದ್ದಾಗಲೇ ಕ್ಷೇತ್ರಗಳ ಪುನರ್ವಿಂಗಡಣೆ ನಡೆದು ಹೊಸನಗರ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ರಿಪ್ಪನ್‌ಪೇಟೆಯ ಕಡೆಯವರು ಸಾಗರಕ್ಕೆ ಸೇರಿದರು, ನಗರ ಹೋಬಳಿಯ ಕಡೆಯವರು ತೀರ್ಥಹಳ್ಳಿಗೆ. ಸುದ್ದಿ ತಿಳಿದ ದಿನ ಭಾವ ನಮ್ಮ ಮನೆಗೆ ಬಂದು ಗೇಟು ಹಿಡಿದು ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಭಾವ, ಜನ ಸೋಲ್ಸಿದ್ರೆ ಹೋಗಿ ಕಾಲು ಹಿಡೀಬೋದಿತ್ತು. ಈಗ ಎಲ್ಲಿಗೆ ಹೋಗ್ಲಿ?" ಎಂದರು.

ಅಲ್ಲಿಂದ ಮುಂದೆ ಅವರು ಒಂದು ಸಲ ತೀರ್ಥಹಳ್ಳಿಯಿಂದ ನಿಂತರು; ಅಲ್ಲಿನವರು ಹೊಸನಗರದವರಿಗೆ ಇಲ್ಲೇನು ಕೆಲಸ ಎಂದರು. ಇನ್ನೊಂದು ಸಲ ಪಕ್ಷ ಬದಲಿಸಿ ಸಾಗರದಿಂದ ನಿಂತರು. ಇಲ್ಲಿನವರು ತೀರ್ಥಹಳ್ಳಿಗೆ ಹೋದವರಲ್ಲವೇ ಎಂದರು. ಆಮೇಲೆ ಯಾವ ಪಕ್ಷವೂ ಅವರನ್ನು ಕೇಳಲಿಲ್ಲ. ಊರಿಗೆಲ್ಲ ಟಿಕೆಟ್ ಹರಿದುಕೊಟ್ಟ ಮನುಷ್ಯನಿಗೆ ಟಿಕೆಟ್ ಕೊಡುವವರಿಲ್ಲವಾದರು. ಜಾನಕಕ್ಕ, ಅಂದರೆ ಭಾವನ ಹೆಂಡತಿ, ಇದೇ ಸುಸಮಯವೆಂದು ಅವರನ್ನು ಸಿಗಂದೂರಿಗೆ ಕರೆದೊಯ್ದು, ಇನ್ನು ಟಿಕೆಟ್ ಕೇಳುವುದಿಲ್ಲ ಎಂದು ಅಮ್ಮನವರ ಎದುರಿಗೆ ಪ್ರಮಾಣ ಮಾಡಿಸಿದರು. ಬರುವಾಗ ಕುಂಕುಮದ ಪೊಟ್ಟಣವನ್ನು ನಮಗೂ ತಂದುಕೊಟ್ಟರು. ಎರಡು ಮನೆಗಳಲ್ಲೂ ಶಾಂತಿ ನೆಲೆಸಿತೆಂದು ನಾವು ಭಾವಿಸಿದೆವು.

ಕಳೆದ ಚುನಾವಣೆ ಘೋಷಣೆಯಾದ ವಾರದಲ್ಲಿ, ಎಪ್ಪತ್ತು ದಾಟಿದ ಭಾವ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಸಾಗರದಿಂದ ಪಕ್ಷೇತರನಾಗಿ ನಿಲ್ಲುತ್ತೇನೆ, ನಾಮಪತ್ರಕ್ಕೆ ಸೂಚಕರು ಬೇಕು, ನೀವು ಇಲ್ಲಿನ ಮತದಾರರು, ಒಂದು ರುಜು ಹಾಕಿ ಎಂದರು. ಅಮ್ಮನವರ ಪ್ರಮಾಣ ಏನಾಯಿತು ಎಂದು ನಾನು ಕೇಳಿದೆ. ಪ್ರಮಾಣ ಮಾಡಿದ್ದು ಟಿಕೆಟ್ ಕೇಳುವುದಿಲ್ಲವೆಂದು, ಪಕ್ಷೇತರನಿಗೆ ಟಿಕೆಟ್ ಎಲ್ಲಿಂದ ಬಂತು ಎಂದು ಅವರು ತಿರುಗಿ ಕೇಳಿದರು. ಇಷ್ಟು ಚುರುಕಾಗಿ ಅವರು ಸದನದಲ್ಲಿ ಮಾತಾಡಿದ್ದರೆ ಮಂತ್ರಿಯಾಗುತ್ತಿದ್ದರು. ಗಿರಾಕಿಗಳು ನೋಡುತ್ತಿದ್ದರು, ನಾನು ರುಜು ಹಾಕಿದೆ.

ಆ ಸಂಜೆ ಜಾನಕಕ್ಕನ ಫೋನು ಬಂತು. ಅವರು ಕೂಗಾಡಲಿಲ್ಲ, ಅದೇ ಹೆದರಿಕೆಯ ವಿಷಯ. ಇವರಿಗೆ ಏರುರಕ್ತದೊತ್ತಡ ಇದೆ, ಮಂಡಿ ನೋವಿದೆ, ಸೋತರೆ ಈ ಸಲ ಏಳುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದರು. "ನಾನು ಹೇಳಿದ್ರೆ ಹಟ ಮಾಡ್ತಾರೆ. ನೀವು ಹೇಳಿ ಅಣ್ಣ, ನಿಮ್ಮ ಮಾತು ಕೇಳ್ತಾರೆ. ಹೆಂಗಾದ್ರೂ ವಾಪಸ್ ತೆಗೆಸಿ." ನನ್ನ ಮಾತನ್ನು ಕೇಳುವವರೊಬ್ಬರು ಪ್ರಪಂಚದಲ್ಲಿದ್ದಾರೆ ಎಂಬ ಸುದ್ದಿಯೇ ನನಗೆ ಹೊಸದು. ಆ ಹುಮ್ಮಸ್ಸಿನಲ್ಲಿ, ಆಗಲಿ ಅಕ್ಕ, ಅದು ನನ್ನ ಜವಾಬ್ದಾರಿ ಎಂದುಬಿಟ್ಟೆ. ಸುಮಿತ್ರೆ ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಒಳಗೆ ಹೋದಳು.

ಅಂದಿನಿಂದ ನನ್ನ ನೆಮ್ಮದಿ ಹಾರಿಹೋಯಿತು. ಅಂಗಡಿಗೆ ಬೀಗ ಹಾಕಿ ಭಾವನ ಹಿಂದೆ ಬಸ್ಸು ಹತ್ತುತ್ತಿದ್ದೆ. ಮಾತು ತೆಗೆಯಲು ಒಳ್ಳೆಯ ಸಮಯಕ್ಕಾಗಿ ಕಾಯುತ್ತಿದ್ದೆ. ಇಕ್ಕೇರಿಯ ದೇವಸ್ಥಾನದ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದಾಗ ಹೇಳೋಣವೆಂದುಕೊಂಡೆ. ಆದರೆ ಅವರು ಅಷ್ಟರಲ್ಲಿ ಎದ್ದು ಹೋಗಿ, ದೇವಸ್ಥಾನ ನೋಡಲು ಬಂದಿದ್ದ ಯಾತ್ರಿಕರಿಗೆ ಕೈಮುಗಿಯುತ್ತಿದ್ದರು. ಅವರೆಲ್ಲ ಧಾರವಾಡದವರೆಂದು ಆಮೇಲೆ ತಿಳಿಯಿತು. ಬಸ್ಸಿನಲ್ಲಿ ಹೇಳೋಣವೆಂದರೆ ಅವರು ನಿಂತಿರುತ್ತಿದ್ದರು, ನಾನು ಕುಳಿತಿರುತ್ತಿದ್ದೆ. ಮೇಲಕ್ಕೆ ಕತ್ತೆತ್ತಿ ಬುದ್ಧಿ ಹೇಳಲಾಗುವುದಿಲ್ಲ. ಹೀಗೆ ದಿನ ಕಳೆದು ನಾಮಪತ್ರ ಹಿಂತೆಗೆದುಕೊಳ್ಳಲು ಮರುದಿನವೊಂದೇ ಉಳಿಯಿತು.

ಆ ಸಂಜೆ ನಾವು ರಿಪ್ಪನ್‌ಪೇಟೆಯಿಂದ ಅವರೇ ತರಿಸಿದ್ದ ಆ ಬಸ್ಸು ಹತ್ತಿದೆವು. ಗಾಡಿ ಎಷ್ಟೋ ಸಲ ಬದಲಾಗಿದೆ, ಹೊತ್ತು ಮಾತ್ರ ಅದೇ. ತುಂಬ ಕಾಲೇಜಿನ ಮಕ್ಕಳು. ಯಾರೂ ಅವರನ್ನು ಗುರುತಿಸಲಿಲ್ಲ. ಒಬ್ಬಳು ಹುಡುಗಿ, ಅಜ್ಜ ಕುಳಿತುಕೊಳ್ಳಿ ಎಂದು ಸೀಟು ಬಿಟ್ಟುಕೊಟ್ಟಳು. ಭಾವ ಬೇಡವೆಂದು ಕಂಬಿ ಹಿಡಿದೇ ನಿಂತರು. ಅವರ ಮುಖ ಸಣ್ಣದಾಗಿತ್ತು. ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬರು ಹಿಂದೆ ತಿರುಗಿ ಅವರನ್ನೇ ನೋಡತೊಡಗಿದರು.

"ಶೇಷಪ್ಪ ಕಂಡಕ್ಟ್ರು ಅಲ್ದಾ ನೀವು?"

ಭಾವ ಹೌದೆಂದು ತಲೆಯಾಡಿಸಿದರು.

"ನನ್ನ ದೊಡ್ಡ ಮಗಳು ಹೊಟ್ಟೇಲಿದ್ದಾಗ ನೋವು ಸುರುವಾಗಿ ನಿಮ್ಮ ಬಸ್ ಹತ್ತಿದ್ದೆ. ಎಲ್ಲೂ ನಿಲ್ಸದೆ ಸೀದಾ ಆಸ್ಪತ್ರೆ ಬಾಗ್ಲಿಗೇ ತಂದು ಬಿಟ್ರಿ. ದಾರೀಲಿ ಕೈ ತೋರ್ಸಿದೋರೆಲ್ಲ ಬೈತಿದ್ರು." ಆಮೇಲೆ ಆಕೆ, ನೀವು ಯಾಕೆ ಕಾಣಿಸುತ್ತಲೇ ಇಲ್ಲ, ಕೆಲಸ ಬಿಟ್ಟಿರಾ, ಈಗ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರು.

ನಡುವೆ ಶಾಸಕನಾಗಿದ್ದೆನೆಂದು ಭಾವ ಹೇಳಲಿಲ್ಲ. ಸುಮ್ಮನೆ ಮನೆಯಲ್ಲಿದ್ದೇನೆ ಎಂದರು. ಮಗಳು ಈಗ ಎಲ್ಲಿದ್ದಾಳೆ ಎಂದು ವಿಚಾರಿಸಿದರು. ಸಾಗರದಲ್ಲೇ ಟೀಚರ್ ಆಗಿದ್ದಾಳೆಂದು ತಿಳಿದು ಅವರ ಮುಖ ಅರಳಿತು. ಆಕೆ ಇಳಿಯುವ ಜಾಗ ಬಂದಾಗ ತಾವೇ ಕೂಗಿ ಬಸ್ಸು ನಿಲ್ಲಿಸಿ, ಆಕೆಯ ಚೀಲ ಹಿಡಿದು ಇಳಿಸಿದರು. ಕಣ್ಣಿನ ವ್ಯಾಪಾರ ಮಾಡುವವನ ಕಣ್ಣಿನಲ್ಲಿ ನೀರು ಬಂದರೆ ಜನ ನಗುತ್ತಾರೆಂದು ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಯ ನಿಲ್ದಾಣದಲ್ಲಿ ಇಳಿದಾಗ, ಜಾನಕಕ್ಕನಿಗೆ ಕೊಟ್ಟ ಮಾತು, ಮಂಡಿ ನೋವು, ರಕ್ತದೊತ್ತಡ ಎಲ್ಲ ಮರೆತು, ಭಾವನ ಕೈ ಹಿಡಿದುಕೊಂಡು ನಾನು ಹೇಳಿದೆ:

"ಭಾವ, ನೀವು ನಿಲ್ಲಲೇಬೇಕು."

ಅವರು ನನ್ನ ಕಡೆ ತಿರುಗಿದರು. "ಬೆಳಿಗ್ಗೆ ಹೋಗಿ ವಾಪಸ್ ತಗಂಬಿಡಣ ಅಂತ ಮಾಡಿದ್ದೆ ಭಾವ. ಸಾಕಾಗಿದೆ ನಂಗೆ. ಆದ್ರೆ ನೀವೇ ಹಿಂಗೆ ಹೇಳ್ತೀರಿ ಅಂದ್ಮೇಲೆ..." ಎಂದು ನಿಲ್ಲಿಸಿದರು. ಮರುದಿನ ಅವರು ನಾಮಪತ್ರ ಹಿಂತೆಗೆದುಕೊಳ್ಳಲಿಲ್ಲ.

ಮುಂದಿನದನ್ನು ವಿವರಿಸಲು ನನಗೆ ಧೈರ್ಯವಿಲ್ಲ. ಭಾವ ಬಸ್ಸಿನ ಚಿಹ್ನೆ ಕೇಳಿದರು, ಅವರಿಗೆ ಸಿಕ್ಕಿದ್ದು ದಿಂಬು. ಪ್ರಚಾರಕ್ಕೆ ಬಂದ ನಾಲ್ಕಾರು ಹಳೆಯ ಸ್ನೇಹಿತರು ನಮ್ಮ ಮನೆಯ ದಿಂಬುಗಳನ್ನೆಲ್ಲ ಎತ್ತಿಕೊಂಡು ಹೋಗಿ ಪೇಟೆಯಲ್ಲಿ ಮೆರವಣಿಗೆ ಮಾಡಿದರು. ನಾನೂ ಸುಮಿತ್ರೆಯೂ ಮಡಿಸಿದ ಕಂಬಳಿಯ ಮೇಲೆ ತಲೆಯಿಟ್ಟು ಮಲಗಿದೆವು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಜಾನಕಕ್ಕ ಫೋನು ಬಿಟ್ಟಿದ್ದರು. ನಾನು ಮಾತ್ರ ಬೀದಿ ಬೀದಿಯಲ್ಲಿ ಕೈಮುಗಿಯುತ್ತ, ಮೊದಮೊದಲು ನಾಚಿಕೆಯಿಂದ, ಬರಬರುತ್ತ ಖುಷಿಯಿಂದಲೇ ಎನ್ನಬೇಕು, ಭಾಷಣವನ್ನೂ ಶುರುಮಾಡಿದ್ದೆ. ಮೈಕು ಕೈಗೆ ಬಂದರೆ ನನ್ನ ಧ್ವನಿ ಅಷ್ಟು ಚೆನ್ನಾಗಿದೆಯೆಂದು ಅದುವರೆಗೆ ನನಗೆ ತಿಳಿದಿರಲಿಲ್ಲ.

ಮತ ಎಣಿಕೆಯ ದಿನ ಭಾವ ನಮ್ಮ ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ ಕುಳಿತಿದ್ದರು. ಗೇಟಿಗೂ ಟೀವಿಗೂ ನಡುವೆ ತಿರುಗುತ್ತಿದ್ದವನು ನಾನು. ಠೇವಣಿ ಹೋಯಿತು. ಹೇಗೆ ಹೇಳುವುದೆಂದು ಬಾಗಿಲಲ್ಲಿ ನಿಂತು ತಡವರಿಸುತ್ತಿದ್ದಾಗ ಅವರೇ ಕಣ್ಣು ಬಿಟ್ಟರು. ನನ್ನ ಮುಖ ನೋಡಿ, ಕೂತ್ಕಳಿ ಭಾವ, ನೀರು ಕುಡೀರಿ ಎಂದರು. ರಿಪ್ಪನ್‌ಪೇಟೆಯ ಒಳಗೆ, ಬಸ್ಸಿನ ಆ ಮುದುಕಿ ಇಳಿದ ಹಳ್ಳಿಯಲ್ಲಿ ಎಷ್ಟು ವೋಟು ಬಿತ್ತು ಎಂದಷ್ಟೇ ಕೇಳಿದರು. ಅಲ್ಲಿ ಪರವಾಗಿಲ್ಲ ಎಂದೆ. ಸುಳ್ಳು ಹೇಳಬೇಕಾಗಿ ಬರಲಿಲ್ಲ, ಅಲ್ಲಿ ನಿಜವಾಗಿಯೂ ಒಂದಷ್ಟು ಬಿದ್ದಿದ್ದವು. ಅವರು ತಲೆಯಾಡಿಸಿ, ಊಟಕ್ಕೆ ಏನು ಮಾಡಿದ್ದೀಯ ಎಂದು ತಂಗಿಯನ್ನು ಕೇಳಿದರು. ಮರುದಿನವೇ ಹೊಸನಗರಕ್ಕೆ ಹೊರಟುಹೋದರು. ಈಗ ಅಲ್ಲಿ ನೆಮ್ಮದಿಯಾಗಿದ್ದಾರೆ. ಜಾನಕಕ್ಕ ನನಗೆ ಫೋನು ಮಾಡಿ, ನೀವು ಏನು ಹೇಳಿ ಬದಲಾಯಿಸಿದಿರೋ ಗೊತ್ತಿಲ್ಲ, ಮಧ್ಯಾಹ್ನ ಮಲಗಿ ನಿದ್ದೆ ಮಾಡುತ್ತಾರೆ ಎಂದರು. ನಾನು ಆ ಹೊಗಳಿಕೆಯನ್ನು ಸುಮ್ಮನೆ ಒಪ್ಪಿಕೊಂಡೆ.

ನಿದ್ದೆ ಹೋಗಿರುವುದು ನನ್ನದು. ಅಂಗಡಿಯಲ್ಲಿ ಕುಳಿತರೆ ರಸ್ತೆಯಲ್ಲಿ ಹೋಗುವವರಿಗೆಲ್ಲ ನಮಸ್ಕಾರ ಮಾಡಬೇಕೆನ್ನಿಸುತ್ತದೆ, ಮಾಡುತ್ತೇನೆ ಕೂಡ. ನಮ್ಮ ಬೀದಿಯ ಚರಂಡಿ, ಉರಿಯದ ದೀಪ, ನಲ್ಲಿಯಲ್ಲಿ ಬಾರದ ನೀರು, ಎಲ್ಲವೂ ನನ್ನನ್ನೇ ಕೇಳುತ್ತಿರುವಂತೆ ಕಾಣತೊಡಗಿವೆ. ನಗರಸಭೆಯ ಚುನಾವಣೆ ಹತ್ತಿರವಿದೆಯಂತೆ ಎಂಬ ಮಾತು ಕಿವಿಗೆ ಬಿದ್ದ ಮೇಲಂತೂ ದರ್ಜಿಯ ಬಳಿ ಹೋಗಿ ಎರಡು ಬಿಳಿ ಅಂಗಿ ಹೊಲಿಸಿಟ್ಟೆ. ಮೊನ್ನೆ ಭಾನುವಾರ ಬೆಳಿಗ್ಗೆ ವಾರ್ಡಿನ ಹಿರಿಯರು ಮೂವರು ನಮ್ಮ ಗೇಟು ತೆಗೆದು ಒಳಗೆ ಬರುವುದು ಕಿಟಕಿಯಿಂದ ಕಾಣಿಸಿತು. ನಾನು ಓಡಿಹೋಗಿ ಹೊಸ ಅಂಗಿಯಲ್ಲೊಂದನ್ನು ತೊಟ್ಟು, ತಲೆ ಬಾಚಿ, ಏನೂ ಗೊತ್ತಿಲ್ಲದವನಂತೆ ಜಗಲಿಗೆ ಬಂದೆ. ಅವರು ಎದ್ದು ಕೈಮುಗಿದರು. ಒಂದು ಮುಖ್ಯ ವಿಷಯ ಮಾತಾಡಬೇಕಿತ್ತು ಎಂದರು. ಜನರ ಇಚ್ಛೆಯೇ ಹಾಗಿದ್ದರೆ ನಾನು ಬೇಡವೆನ್ನುವವನಲ್ಲ ಎಂದು ಶುರುಮಾಡಿದೆ.

ಅವರಲ್ಲಿ ಹಿರಿಯರಾದವರು ಸ್ವಲ್ಪ ಮುಜುಗರದಿಂದ ಒಳಗೆ ಇಣುಕಿದರು. "ಈ ಸಲ ನಮ್ಮ ವಾರ್ಡು ಮಹಿಳೆಗೆ ಮೀಸಲಾಗಿದೆ. ಅಮ್ಮಾವ್ರು ಇದಾರಾ?"

ಸುಮಿತ್ರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವರೆದುರಿಗೆ ಕುರ್ಚಿ ಎಳೆದುಕೊಂಡು ಕುಳಿತಳು. ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಐದು ಲೋಟ ಚಹಾ ಮಾಡಿಕೊಂಡು ಬನ್ನಿ, ಆ ಅಂಗಿಯ ಮೇಲೆ ಚೆಲ್ಲಿಕೊಳ್ಳಬೇಡಿ ಎಂದಳು.