ಗೋಡೆಗೆ ಸ್ಪೀಕರ್, ಮೇನ್ ಸ್ವಿಚ್ಚಿಗೆ ಬೀಗ

ನಾನು ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಹಾಕಿ ಎಂದರೆ ಇನ್ನೂರು ಮಂದಿ ಹೆಲ್ಮೆಟ್ ಹಾಕುತ್ತಾರೆ, ತೆಗೆಯಿರಿ ಎಂದರೆ ತೆಗೆಯುತ್ತಾರೆ. ಮನೆಯಲ್ಲಿ ಮಾತ್ರ ನಾನೊಂದು ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ನನ್ನ ಹೆಂಡತಿ, "ಇಳೀರಿ, ಗೊತ್ತಿರೋರನ್ನ ಕರೆಸೋಣ" ಅನ್ನುತ್ತಾಳೆ. ಹದಿನೆಂಟು ವರ್ಷದಿಂದ ಈ ಅವಮಾನವನ್ನು ನುಂಗಿಕೊಂಡು ಬಂದಿದ್ದೇನೆ. (ನುಂಗದೆ ಏನು ಮಾಡಲಿ, ಊಟ ಬಡಿಸುವವಳೂ ಅವಳೇ.)

ಆದ್ದರಿಂದ ಐದು ಸ್ಪೀಕರಿನ ಹೋಂ ಥಿಯೇಟರ್ ಮನೆಗೆ ಬಂದ ದಿನವೇ, ಅದನ್ನು ಗೋಡೆಗೇರಿಸುವ ಮಹಾಕಾರ್ಯ ನನ್ನದೇ ಎಂದು ಘೋಷಿಸಿಬಿಟ್ಟೆ. ತಂದದ್ದು ಅತ್ತೆಗಾಗಿ. ಅವರು ನಮ್ಮ ಜೊತೆಯಲ್ಲೇ ಇದ್ದಾರೆ, ಕಿವಿ ಕೊಂಚ ಮಂದ. ನಾಲ್ಕು ವರ್ಷದಿಂದ ಒಂದು ಧಾರಾವಾಹಿಯನ್ನು ಒಂದು ದಿನವೂ ಬಿಡದೆ ನೋಡಿದ್ದಾರೆ. ಟಿವಿಯ ಸದ್ದನ್ನು ಪೂರ್ತಿ ಏರಿಸಿದರೂ ಅರ್ಧ ಮಾತು ಅವರಿಗೆ ತಿಳಿಯುವುದಿಲ್ಲ. ನಾಯಕಿ ಯಾಕೆ ಅಳುತ್ತಿದ್ದಾಳೆಂದು ನಮ್ಮನ್ನು ಕೇಳುತ್ತಾರೆ. ಅದರ ಕೊನೆಯ ಕಂತು ಭಾನುವಾರ ಸಂಜೆ ಆರಕ್ಕೆ. ಅದನ್ನಾದರೂ ಅವರು ಪೂರ್ತಿ ಕೇಳಿಸಿಕೊಳ್ಳಲಿ ಎಂಬ ಆಸೆ ನನಗೆ ನಿಜವಾಗಿಯೂ ಇತ್ತು. ಈ ಮನೆಯಲ್ಲಿ ನನ್ನ ಪರವಾಗಿ ಮಾತಾಡುವ ಏಕೈಕ ಜೀವ ಅದು.

"ಎಲೆಕ್ಟ್ರಿಷಿಯನ್‌ಗೆ ಹೇಳಿ," ಎಂದಳು ಹೆಂಡತಿ.

"ಎಲೆಕ್ಟ್ರಿಷಿಯನ್‌ಗಳಿಗೇ ಪಾಠ ಹೇಳೋನು ನಾನು."

"ಪಾಠ ಹೇಳೋದು ಬೇರೆ, ಮೊಳೆ ಹೊಡೆಯೋದು ಬೇರೆ."

ಭಾನುವಾರ ಬೆಳಿಗ್ಗೆ ಹೆಲ್ಮೆಟ್, ಕನ್ನಡಕ, ಕೈಗವಸು, ಮಣಭಾರದ ಬೂಟು ಸಮೇತ ನಡುಮನೆಯನ್ನು ಪ್ರವೇಶಿಸಿದೆ. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಯಂತ್ರದೊಳಗೆ ಕೈ ಹಾಕುವ ಮೊದಲು ಕರೆಂಟ್ ಆರಿಸಿ, ಸ್ವಿಚ್ಚಿಗೆ ಕೆಂಪು ಬೀಗ ಜಡಿದು, ಕೀಲಿಯನ್ನು ಕೆಲಸಗಾರ ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಒಬ್ಬನ ಕೈ ಒಳಗಿರುವಾಗ ಇನ್ನೊಬ್ಬ ಬಂದು ಸ್ವಿಚ್ ಹಾಕಿಬಿಡಬಾರದಲ್ಲ. ಅದರಂತೆ ಮನೆಯ ಮೇನ್ ಸ್ವಿಚ್ ಆರಿಸಿ, ಪೆಟ್ಟಿಗೆಗೆ ಬೀಗ ಜಡಿದು, "ಅಪಾಯ, ಕೆಲಸ ನಡೆಯುತ್ತಿದೆ" ಎಂಬ ಫಲಕವನ್ನೂ ತೂಗುಹಾಕಿದೆ. ಹೆಂಡತಿ ಅದನ್ನು ಎರಡು ಸಲ ಓದಿ ಅಡುಗೆಮನೆಗೆ ಹೋದಳು.

ಏಣಿ ಹತ್ತಿ, ಡ್ರಿಲ್ಲನ್ನು ಗೋಡೆಗೆ ಗುರಿಯಿಟ್ಟು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ಡ್ರಿಲ್ಲು ಮೌನ ತಾಳಿತು. ಮತ್ತೆ ಒತ್ತಿದೆ.

"ರೀ, ಅದೇನು ಗಾಳಿಯಿಂದ ಓಡುತ್ತಾ?" ಎಂದು ಅಡುಗೆಮನೆ ಕೇಳಿತು.

ಇಳಿದು ಬಂದು ಬೀಗ ತೆಗೆದೆ. ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ ಹೋಗಿರುತ್ತದೆ. ಆ ಪಟ್ಟಿಯನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಅದರಿಂದ ದೂರದಲ್ಲಿ ಹತ್ತು ತೂತು ಕೊರೆದೆ. (ಹೆಂಡತಿಯ ಲೆಕ್ಕದಲ್ಲಿ ಹದಿನಾಲ್ಕು.) ಸ್ಕ್ರೂ ಬಿಗಿದು ಸ್ಟ್ಯಾಂಡುಗಳನ್ನು ಕೂರಿಸಿ, ಒಂದೊಂದನ್ನೂ ಜಗ್ಗಿ ನೋಡಿದೆ. ಒಂದೂ ಅಲುಗಲಿಲ್ಲ. ಇಲ್ಲಿಯವರೆಗೆ ಕೆಲಸ ಚೊಕ್ಕವಾಗಿಯೇ ನಡೆದಿತ್ತೆಂಬುದನ್ನು ದಯವಿಟ್ಟು ನೀವಾದರೂ ಗಮನಿಸಬೇಕು.

ಇನ್ನು ಉಳಿದದ್ದು ಸ್ವಿಚ್‌ಬೋರ್ಡಿನ ಪಕ್ಕದಲ್ಲೇ ವೈರು ಎಳೆಯುವ ಕೆಲಸ. ಮತ್ತೆ ಮೇನ್ ಆರಿಸಿ ಬೀಗ ಜಡಿದೆ. ಕೈಗವಸು ಹಾಕಿದ ಕೈ ಜೇಬಿನೊಳಗೆ ಹೋಗಲೊಲ್ಲದು. ಕೀಲಿಯನ್ನು ಒಂದು ಭದ್ರವಾದ ಜಾಗದಲ್ಲಿಟ್ಟೆ. ವೈರು ಎಳೆದು, ಅಲ್ಲಲ್ಲಿ ಕ್ಲಿಪ್ಪು ಬಡಿದು, ಮೂರೂವರೆಯ ಹೊತ್ತಿಗೆ ಐದೂ ಸ್ಪೀಕರನ್ನು ಗೋಡೆಗೇರಿಸಿದೆ. ಎದೆಯುಬ್ಬಿಸಿಕೊಂಡು ಬೀಗ ತೆಗೆಯಲು ಹೋದರೆ, ಆ ಭದ್ರವಾದ ಜಾಗ ಯಾವುದೆಂಬುದು ಮರೆತೇಹೋಗಿತ್ತು.

ಜೇಬು, ಹೆಲ್ಮೆಟ್ಟು, ಬೂಟು, ಸೋಫಾದ ಸಂದು, ಕೊನೆಗೆ ಸಕ್ಕರೆ ಡಬ್ಬವನ್ನೂ ಜಾಲಾಡಿದ್ದಾಯಿತು. ಅತ್ತೆ ಆಗಲೇ ಕುರ್ಚಿ ಎಳೆದುಕೊಂಡು ಕಪ್ಪು ಟಿವಿಯ ಮುಂದೆ ಕೂತಿದ್ದರು. "ಆತುರ ಮಾಡ್ಕೋಬೇಡಿ ಅಳಿಯಂದಿರೇ, ಇನ್ನೂ ಹೊತ್ತಿದೆ," ಎಂದರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಐದು ಗಂಟೆಗೆ ಹೆಂಡತಿ ಫೋನ್ ಮಾಡಿದಳು. ಮಾಡಿದ್ದು ಹಿಂದಿನ ಬೀದಿಯಲ್ಲೇ ಮನೆಯಿದ್ದ, ನಮ್ಮ ಕಾರ್ಖಾನೆಯದೇ ಎಲೆಕ್ಟ್ರಿಷಿಯನ್‌ಗೆ. ಅವನು ದೊಡ್ಡ ಕಟರ್ ಹಿಡಿದು ಬಂದವನು ಕೆಂಪು ಬೀಗ ಕಂಡೊಡನೆ ಅದನ್ನು ಕೆಳಗಿಟ್ಟು ಕೈಕಟ್ಟಿ ನಿಂತ.

"ಸಾರ್, ಇದು ಸುರಕ್ಷತಾ ಬೀಗ. ನಾನು ಮುಟ್ಟೋ ಹಾಗಿಲ್ಲ."

"ಹಾಕಿದೋನು ನಾನೇ ಕಣಯ್ಯಾ. ನಾನೇ ಹೇಳ್ತಿದ್ದೀನಿ, ಕತ್ತರಿಸು."

"ಕೀಲಿ ಕಳೆದ್ರೆ ಹಾಕಿದವನ ಮಾತು ಸಾಲದು ಸಾರ್. ಮೇಲಧಿಕಾರಿ ಫಾರಂ ತುಂಬಿ ಸಹಿ ಹಾಕಬೇಕು. ನೀವೇ ಹೇಳಿಕೊಟ್ಟಿದ್ದು."

ಹೇಳಿಕೊಟ್ಟಿದ್ದೆ. ಹೋದ ವರ್ಷ ಇದೇ ಫಾರಂ ಇಲ್ಲವೆಂದು ಅವನನ್ನು ಪಂಪ್‌ಹೌಸಿನ ಮುಂದೆ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದೆ. ಈಗ ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಜೇಬಿನಿಂದ ಮಡಚಿದ ಫಾರಂ ತೆಗೆದ. ಪುಣ್ಯಾತ್ಮ ತಯಾರಾಗಿಯೇ ಬಂದಿದ್ದ.

"ಈ ಮನೇಲಿ ನಿಮ್ಮ ಮೇಲಧಿಕಾರಿ ಯಾರು ಸಾರ್?"

ನಾನು ಬಾಯಿ ತೆರೆಯಬೇಕಾಗಲಿಲ್ಲ. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಬಂದು ಪೆನ್ನು ಕೇಳಿದಳು. ನನಗೆ ಕಾಣದಂತೆ ಕೈ ಅಡ್ಡ ಹಿಡಿದು, ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ನಿಧಾನವಾಗಿ ಬರೆದು ಸಹಿ ಹಾಕಿದಳು. ಆರಕ್ಕೆ ಐದು ನಿಮಿಷವಿರುವಾಗ ಬೀಗ ತುಂಡಾಯಿತು, ದೀಪ ಬಂತು.

ಸ್ಪೀಕರುಗಳು ಮಾತಾಡಿದವು. ಅತ್ತೆ ನೆಟ್ಟಗೆ ಕೂತರು. ಆವತ್ತು ಅವರು ನಾಯಕಿ ಯಾಕೆ ಅಳುತ್ತಿದ್ದಾಳೆಂದು ಒಮ್ಮೆಯೂ ಕೇಳಲಿಲ್ಲ. ತಾವೇ ಅವಳ ಜೊತೆ ಅತ್ತರು. ಅಷ್ಟರಲ್ಲಿ ಸಂಗೀತ ಧಡಧಡ ಏರಿತು. ಅತ್ತೆ ಬೆರಳೆತ್ತಿದರು.

"ಅಳಿಯಂದಿರೇ, ಆ ಬಲಗಡೆ ಡಬ್ಬದೊಳಗೆ ಏನೋ ಗಿಲಗಿಲ ಅಂತಿದೆಯಲ್ಲಾ."

ಮನೆಯಲ್ಲಿದ್ದ ಎಂಟು ಕಿವಿಗಳಲ್ಲಿ ಅದನ್ನು ಮೊದಲು ಹಿಡಿದದ್ದು ಆ ಮಂದ ಕಿವಿ. ಕಂತು ಮುಗಿದ ಮೇಲೆ, ಕಾಫಿ ಕುಡಿಯುತ್ತಿದ್ದ ಎಲೆಕ್ಟ್ರಿಷಿಯನ್ ಆ ಸ್ಪೀಕರನ್ನು ಇಳಿಸಿ ಬೋರಲು ಹಾಕಿ ಅಲ್ಲಾಡಿಸಿದ. ಅದರ ಬೆನ್ನಿಗೆ ಗಾಳಿಯಾಡಲು ಒಂದು ತೂತಿರುತ್ತದೆ. ಅದರಿಂದ ಕೀಲಿ ಠಣ್ಣನೆ ಬಿತ್ತು. ನನ್ನ ಭದ್ರವಾದ ಜಾಗ ಆಗ ನೆನಪಾಯಿತು.

ಸೋಮವಾರ ಕಾರ್ಖಾನೆಗೆ ಹೋದರೆ ನೋಟಿಸ್ ಬೋರ್ಡಿನ ಮುಂದೆ ಜಾತ್ರೆ. ಹೆಂಡತಿ ತುಂಬಿದ ಫಾರಂ ಅಲ್ಲಿ ಅಂಟಿತ್ತು; ಎಲೆಕ್ಟ್ರಿಷಿಯನ್ ನಿಯಮದಂತೆ ಬೆಳಿಗ್ಗೆಯೇ ಒಪ್ಪಿಸಿದ್ದ. 'ಅಪಾಯದ ಮೂಲ' ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ "ನಮ್ಮ ಯಜಮಾನರು" ಎಂದಿತ್ತು. 'ಮುಂದೆ ಹೀಗಾಗದಂತೆ ಕ್ರಮ' ಎಂಬಲ್ಲಿ, "ಇವರನ್ನು ಭಾನುವಾರವೂ ಕಾರ್ಖಾನೆಯಲ್ಲೇ ಇಟ್ಟುಕೊಳ್ಳಬೇಕಾಗಿ ವಿನಂತಿ."

ಅದರ ಕೆಳಗೆ ಹಸಿರು ಶಾಯಿಯಲ್ಲಿ ನಮ್ಮ ಮ್ಯಾನೇಜರರ ಷರಾ: "ಕಾರ್ಖಾನೆಯ ಸುರಕ್ಷತೆಯ ದೃಷ್ಟಿಯಿಂದ ಸಾಧ್ಯವಿಲ್ಲ."