ನೋಡದೆ ಹೋದ ಮೂರನೇ ಗೋಲು

ಎಲ್ಲದಕ್ಕೂ ಮೂಲ ಎವರಿಸ್ತೊನ ಮಂಡಿನೋವು. ಪೈಸಾಂಡೂ ಊರಿನ ಪತ್ರಿಕೆಗೆ ಮೂವತ್ತೆರಡು ವರ್ಷದಿಂದ ಫುಟ್‌ಬಾಲ್ ವರದಿ ಬರೆಯುತ್ತಿದ್ದವನಿಗೆ, ಆಟ ಮುಗಿದ ಮೇಲೆ ಆ ನೂಕುನುಗ್ಗಲಲ್ಲಿ ಮೆಟ್ಟಿಲಿಳಿಯುವುದು ಈಚೆಗೆ ಪ್ರಾಣಸಂಕಟವಾಗಿತ್ತು. ಭಾನುವಾರದ ಫೈನಲ್‌ನಲ್ಲಿ ಇನ್ನು ಹತ್ತು ನಿಮಿಷ ಇದ್ದಾಗ ಊರಿನ ತಂಡ ಎರಡು-ಸೊನ್ನೆ ಮುಂದಿತ್ತು. ಇನ್ನೇನಾದೀತು ಎಂದು ಎದ್ದುಬಂದ. ಕಚೇರಿಯಲ್ಲಿ ಕೂತು ಭರ್ಜರಿ ಗೆಲುವು ಬರೆದ. ಗೋಲ್‌ಕೀಪರ್ ನೆಲ್ಸನ್ ಹುಲ್ಲಿಗೆ ಮುತ್ತಿಟ್ಟನೆಂದೂ ಸೇರಿಸಿದ. ರಜೆಯ ದಿನ, ತಿದ್ದುವವರಿಲ್ಲ. ಪುಟ ಸೀದಾ ಅಚ್ಚಿಗೆ ಹೋಯಿತು.

ಆ ಹತ್ತು ನಿಮಿಷದಲ್ಲಿ ನೆಲ್ಸನ್ ಮೂರು ಗೋಲು ಬಿಟ್ಟಿದ್ದ.

ಬೆಳಿಗ್ಗೆ ಬೇಕರಿಯವನು ಗೆದ್ದ ಖುಷಿಗೆಂದು ಒಂದು ಬನ್ನು ಜಾಸ್ತಿ ಕೊಟ್ಟ. ಕ್ಷೌರದಂಗಡಿಯವನು ಯಾವ ಊರಿನ ಆಟ ನೋಡಿದಿರಿ ಎಂದು ವಿಚಾರಿಸಿದ. ಪಕ್ಕದ ಮನೆಯಾಕೆ ಮಂಡಿಗೆ ಎಣ್ಣೆ, ಕಣ್ಣಿಗೆ ಕನ್ನಡಕ ಎರಡನ್ನೂ ಶಿಫಾರಸು ಮಾಡಿದಳು. ಎವರಿಸ್ತೊ ಮಳೆಯಲ್ಲಿ ತೊಯ್ದ ಕೋಳಿಯ ಹಾಗೆ ಕಚೇರಿ ಸೇರಿದ. ಸಂಜೆಯೊಳಗೆ ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದರು ಸಂಪಾದಕ ಬರ್ರೇತೊ.

ಬರೆಯಲು ಕೂತಿದ್ದ, ಅಷ್ಟರಲ್ಲಿ ನೆಲ್ಸನ್‌ನ ತಾಯಿ ಹಸಿಂತಾ ಬಂದಳು. ಗಂಡ ಕ್ಲೆಮೆಂತೆಗೆ ಇನ್ನು ಒಂದೆರಡು ದಿನ ಎಂದಿದ್ದರಂತೆ ಡಾಕ್ಟರು. ಬೆಳಿಗ್ಗೆ ಪೇಪರ್ ಓದಿ ಹೇಳಿದಾಗ ಎಷ್ಟೋ ತಿಂಗಳ ಮೇಲೆ ನಕ್ಕನಂತೆ.

"ನಾಳೆ ಪೇಪರ್ ಕೊಡದಿದ್ರೆ ಅನುಮಾನ ಬರುತ್ತೆ. ಕೊಟ್ರೆ ಭೂತಗನ್ನಡಿ ಹಿಡಿದು ತಾನೇ ಓದ್ತಾನೆ. ಎರಡು ದಿನ ತಡೀರಿ ಸ್ವಾಮಿ, ಸಾಕು."

ಸಣ್ಣಕ್ಷರದಲ್ಲಿ ಹಾಕು ಎಂದ ಒಬ್ಬ ಸಹೋದ್ಯೋಗಿ. ದನದ ಸಂತೆಯ ದರದ ಕೆಳಗೆ ತುರುಕು ಎಂದ ಇನ್ನೊಬ್ಬ. ಕ್ಲೆಮೆಂತೆ ದನದ ದರವನ್ನೂ ಬಿಡುವವನಲ್ಲ ಎಂದಳು ಹಸಿಂತಾ. ಕೊನೆಗೆ ಎವರಿಸ್ತೊ ಸಂಪಾದಕರ ಕೋಣೆಗೆ ಹೋಗಿ, ತಪ್ಪೊಪ್ಪಿಗೆ ಗುರುವಾರ ಬರಲಿ, ಬದಲಿಗೆ ನಾನು ಇವತ್ತೇ ಕೆಲಸ ಬಿಡುತ್ತೇನೆ ಎಂದ. ಬರ್ರೇತೊ ಆಗಲಿ ಎಂದರು.

ಸಂಜೆ ಎವರಿಸ್ತೊ ಕ್ಲೆಮೆಂತೆಯನ್ನು ನೋಡಲು ಹೋದ. ಹಸಿಂತಾ ನೀರು ಕಾಯಿಸಲು ಒಳಗೆ ಹೋದದ್ದೇ ತಡ, ಮುದುಕ ಹತ್ತಿರ ಕರೆದ.

"ಮೂರನೇ ಗೋಲು ನಮ್ಮ ಹುಡುಗ ತಡೀಬಹುದಿತ್ತಾ?"

ಎವರಿಸ್ತೊ ಹಸಿಂತಾ ಹೋದ ಬಾಗಿಲ ಕಡೆ ತಿರುಗಿ ನೋಡಿದ.

"ಪಕ್ಕದ್ಮನೆ ರೇಡಿಯೊ ಗೋಡೆ ದಾಟಿ ಬರುತ್ತಪ್ಪ. ಹಸಿಂತಾ ಅಷ್ಟು ಆಸೆಯಿಂದ ಓದ್ತಿದ್ಲು, ಸುಳ್ಳು ಅನ್ನೋಕೆ ಮನಸ್ಸಾಗ್ಲಿಲ್ಲ. ನಂಗೆ ಗೊತ್ತು ಅಂತ ಅವಳಿಗೆ ಹೇಳ್ಬೇಡ. ಊರೆಲ್ಲ ಮಗನ್ನ ಬಯ್ತಿದೆ. ನೀನು ಕಣ್ಣಾರೆ ನೋಡಿದೋನು, ನಿಜ ಹೇಳು."

ಎವರಿಸ್ತೊ ಮಂಡಿ ಸವರಿಕೊಂಡ. ಆಮೇಲೆ ನಿಧಾನವಾಗಿ ಹೇಳತೊಡಗಿದ: ಚೆಂಡು ನಮ್ಮದೇ ರಕ್ಷಣಾ ಆಟಗಾರನ ಕಾಲಿಗೆ ತಾಗಿ ದಿಕ್ಕು ಬದಲಿಸಿತು, ನೆಲ್ಸನ್ ಆಗಲೇ ಎಡಕ್ಕೆ ಹಾರಿಬಿಟ್ಟಿದ್ದ, ಯಾರಿಂದಲೂ ಆಗುತ್ತಿರಲಿಲ್ಲ. ಮುದುಕ ಕಣ್ಣು ಮುಚ್ಚಿ ಕೇಳಿದ. ಮುಖದ ಗೆರೆಗಳು ಸಡಿಲಾದವು.

"ಹಾಗಾದ್ರೆ ಇದನ್ನೇ ನಾಳೆ ಪೇಪರಲ್ಲಿ ಬರಿ," ಎಂದ ಎವರಿಸ್ತೊನ ಕೈ ಹಿಡಿದು. "ನೀನು ಬರೆದ್ರೆ ಊರು ನಂಬುತ್ತೆ."

"ಬರೀತೀನಿ," ಅಂದ ಎವರಿಸ್ತೊ.