ಏಳು ಬಾವಿಯ ರಾಜಕುಮಾರಿ ಮತ್ತು ಜನರಿಲ್ಲದ ಮೇಘದುರ್ಗ

ಮನೆಯಲ್ಲಿರುವ ನೋಟ್‌ಬುಕ್ಕುಗಳಿಗೆಲ್ಲ ಒಂದೇ ದಿನ ಬೈಂಡು ಹಾಕಿಬಿಡುವುದು ಕೌಸಲ್ಯಳ ಪದ್ಧತಿ. ಎಂಬತ್ತೆರಡನೇ ಇಸವಿಯ ಜೂನ್ ತಿಂಗಳಲ್ಲಿ, ಮಗಳ ಸ್ಕೂಲು ಶುರುವಾಗುವ ಹಿಂದಿನ ದಿನ, ಗೋಂದು ಕತ್ತರಿ ಹಿಡಿದು ಕೂತವಳು, ಖಾಕಿ ಕಾಗದ ಮಿಕ್ಕಿತಲ್ಲ ಎಂದು ಗಂಡನ ಎರಡು ನೋಟ್‌ಬುಕ್ಕಿಗೂ ಬೈಂಡು ಹಾಕಿ ಚೀಟಿ ಅಂಟಿಸಿದಳು. ಹೆಸರು: ವೈ. ಯೋಗನರಸಿಂಹ. ವಿಳಾಸ: ಪದ್ಮಮ್ಮನವರ ವಠಾರ, ಚಿಕ್ಕಪೇಟೆ, ತುಮಕೂರು. ವಿಷಯ: ಕತೆ. ಎರಡಕ್ಕೂ ಅದೇ ಚೀಟಿ, ಅದೇ ವಿಷಯ. ತೊಂದರೆ ಶುರುವಾದದ್ದೇ ಅಲ್ಲಿ.

ಯಾಕೆಂದರೆ ಎರಡೂ ಒಂದೇ ಅಲ್ಲ. ಮೊದಲನೆಯದು ಯೋಗನರಸಿಂಹನ ಚಟ. ವಾರಪತ್ರಿಕೆಯಲ್ಲಿ 'ವಜ್ರಮೌಳಿ' ಎಂಬ ಹೆಸರಿನಲ್ಲಿ 'ಏಳು ಬಾವಿಯ ರಾಜಕುಮಾರಿ' ಎಂಬ ಧಾರಾವಾಹಿ ಬರುತ್ತಿತ್ತು. ಪ್ರತಿ ಗುರುವಾರವೂ ಅದು ಓದುಗರ ಉಸಿರು ಕಟ್ಟುವ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಮುಂದಿನ ಗುರುವಾರದವರೆಗೆ ತಡೆಯಲಾರದೆ ಯೋಗನರಸಿಂಹ ಮುಂದಿನ ಕತೆಯನ್ನು ತಾನೇ ಎಷ್ಟೋ ಕಂತು ಮುಂದಕ್ಕೆ ಬರೆದುಕೊಳ್ಳುತ್ತಿದ್ದ. ಹೆಸರಿಗಲ್ಲ, ಬರೀ ಖುಷಿಗೆ. ವಠಾರದ ಹೆಂಗಸರು ಅಕ್ಕಿ ಆರಿಸುತ್ತ ಕೂತಾಗ ಓದಿಯೂ ಹೇಳುತ್ತಿದ್ದ.

ಎರಡನೆಯದು ಅವನ ಕನಸು. ಮೇಘದುರ್ಗ ಎಂಬ ಸ್ವಂತ ಲೋಕ. ಎಂಟು ವರ್ಷದ ಶ್ರಮ. ಹತ್ತೊಂಬತ್ತು ನದಿ, ಮುನ್ನೂರು ವರ್ಷದ ಪಂಚಾಂಗ, ಅಳತೆಗೆ ಸರಿಯಾಗಿ ಎಳೆದ ನಕ್ಷೆ. ಯೋಗನರಸಿಂಹ ಭೂದಾಖಲೆ ಕಚೇರಿಯ ಗುಮಾಸ್ತನಾದ್ದರಿಂದ ಅಲ್ಲಿನ ಖರಾಬು ಜಮೀನಿನ ವಿವರವೂ ಇತ್ತು. ಕತೆ ಮಾತ್ರ ಇನ್ನೂ ಶುರುವಾಗಿರಲಿಲ್ಲ.

"ಅಲ್ಲಾ ರೀ, ಇಷ್ಟು ದೊಡ್ಡ ಊರಲ್ಲಿ ಜನಾನೇ ಇಲ್ವಲ್ಲ?" ಎಂದು ಕೌಸಲ್ಯ ಒಮ್ಮೆ ಕೇಳಿದ್ದಳು.

"ಜನ ಆಮೇಲೆ ಬರ್ತಾರೆ ಕಣೇ. ಮೊದ್ಲು ಸರ್ವೆ ಮುಗೀಬೇಕು."

ಅವನನ್ನು ಹುರಿದುಂಬಿಸಿದವನು ಕಚೇರಿಯ ಜವಾನ ಗಂಗಣ್ಣ. ದಿನಾ ಗುಬ್ಬಿಯಿಂದ ರೈಲಿನಲ್ಲಿ ಬಂದು ಹೋಗುವವನು. "ಎಷ್ಟು ದಿನ ಸಾ ಇನ್ನೊಬ್ರ ಮನೇಲಿ ಬಾಡಿಗೆಗಿರ್ತೀರಾ? ಸ್ವಂತದ್ದು ಕಟ್ಟಿ. ವಜ್ರಮೌಳಿ ಅಂದ್ರೆ ಬ್ಯಾರೆ ಯಾರೂ ಅಲ್ಲ, ನಮ್ ಗುಬ್ಬಿ ಸದಾಶಿವಯ್ಯೋರು. ನಿಮ್ಮ ಮೇಘದುರ್ಗ ಕೊಡಿ, ಅವರ ಕೈಗೇ ಕೊಡ್ತೀನಿ. ಅವರು ಹೂಂ ಅಂದ್ರೆ ನೀವೂ ರೈಟ್ರು ಬುಡಿ!"

ಬೈಂಡು ಹಾಕಿದ ಮರುದಿನ ಸಂಜೆ ಯೋಗನರಸಿಂಹ ದೇವರಿಗೆ ಕೈ ಮುಗಿದು, ಬೀರುವಿನಿಂದ ನೋಟ್‌ಬುಕ್ ತೆಗೆದು ಗಂಗಣ್ಣನಿಗೆ ಕೊಟ್ಟ.

ಅದರ ಮಾರನೆಯ ಬೆಳಿಗ್ಗೆ ವಠಾರದ ಯಜಮಾನಿ ಪದ್ಮಮ್ಮ ಬಾಗಿಲಿಗೆ ಬಂದರು. "ನೋಡಿ, ಆ ಹುಡುಗಿ ನಾಲ್ಕನೇ ಬಾವಿಗೆ ಬಿದ್ದು ಐದು ದಿನ ಆಯ್ತು. ನಂಗೆ ತಿಂಡಿ ಸೇರ್ತಿಲ್ಲ. ಮೇಲೆ ಬಂದ್ಲೋ ಇಲ್ವೋ, ಅಷ್ಟು ಹೇಳ್ಬಿಡಿ."

ಯೋಗನರಸಿಂಹ ನಗುತ್ತ ನೋಟ್‌ಬುಕ್ ತೆರೆದ. ಒಳಗೆ ಹತ್ತೊಂಬತ್ತು ನದಿಗಳು ಹರಿಯುತ್ತಿದ್ದವು.

ಅವನ ಮುಖ ಬಾಣಲೆಯಲ್ಲಿ ಬಿದ್ದ ಸೊಪ್ಪಿನಂತೆ ಕುಗ್ಗಿತು. ಮೇಘದುರ್ಗ ಇಲ್ಲೇ ಇದೆ ಎಂದರೆ ಗುಬ್ಬಿಗೆ ಹೋದದ್ದು ರಾಜಕುಮಾರಿ! ಕದ್ದ ಮಾಲನ್ನು ಯಜಮಾನನ ಮನೆಗೇ, ತನ್ನ ಹೆಸರು ವಿಳಾಸ ಬರೆದು ಕಳಿಸಿದಂತಾಗಿತ್ತು.

ಕಚೇರಿಗೆ ಓಡಿದ. ಗಂಗಣ್ಣ ಹಲ್ಲು ಕಿರಿಯುತ್ತ ನಿಂತಿದ್ದ. "ನಿನ್ನೇನೇ ಕೊಟ್ಟೆ ಸಾ. ಮೊದಲ್ನೇ ಹಾಳೆ ನೋಡ್ತಿದ್ದಂಗೇ ಹಿಂಗೆ ಎದ್ದು ಕೂತ್ರು! ಕನ್ನಡಕ ತತ್ತಾ ಅಂದ್ರು!"

ಹೆಡ್ ಗುಮಾಸ್ತ ರಾಮಾಂಜಿನಯ್ಯನವರ ಕಿವಿ ನೆಟ್ಟಗಾಯಿತು. ವಿಷಯವನ್ನೆಲ್ಲ ಬಾಯಿ ಬಿಡಿಸಿ ಕೇಳಿ, ಕುರ್ಚಿಗೊರಗಿದರು. "ಏನ್ರೀ ಯೋಗನರಸಿಂಹ, ಸರ್ಕಾರಿ ನೌಕರ ಕತೆ ಬರೆಯೋಕೆ ಪರ್ಮಿಷನ್ ತಗೊಂಡಿದ್ರಾ?"

"ಇಲ್ಲ ಸಾರ್."

"ಅದೊಂದು. ಅದ್ರ ಮೇಲೆ ಇನ್ನೊಬ್ರ ಹೀರೋಯಿನ್ನು. ಆತ ಕೇಸ್ ಹಾಕ್ದ ಅನ್ನಿ, ಸಸ್ಪೆಂಡು. ಇದರಲ್ಲಿ ಅನುಮಾನಾನೇ ಇಲ್ಲ. ನಿಮ್ಮ ಜಾಗಕ್ಕೆ ಯಾರನ್ನ ಹಾಕ್ತಾರೋ ಏನೋ. ಆ ಕಿಟಕಿ ಪಕ್ಕದ ಮೇಜು ಮಾತ್ರ ನಂಗಿರ್ಲಿ."

ಅರ್ಧ ದಿನ ರಜೆ ಬರೆದುಕೊಟ್ಟು, ಮೇಘದುರ್ಗವನ್ನು ಕಂಕುಳಲ್ಲಿಟ್ಟುಕೊಂಡು ಯೋಗನರಸಿಂಹ ಗುಬ್ಬಿ ಬಸ್ಸು ಹತ್ತಿದ. ಇದನ್ನು ಕೊಟ್ಟು, ಕಾಲಿಗೆ ಬಿದ್ದು, ಅದನ್ನು ವಾಪಸು ತರುವುದು ಅವನ ಲೆಕ್ಕಾಚಾರ. ಪಕ್ಕದಲ್ಲಿ ಕೂತ ಮುದುಕಿ ತನ್ನ ಹಲಸಿನಹಣ್ಣನ್ನು "ವಸಿ ಹಿಡ್ಕೊಳಪ್ಪ" ಎಂದು ಅವನ ತೊಡೆಯ ಮೇಲಿಟ್ಟು ನಿದ್ದೆ ಹೋದಳು. ಗುಬ್ಬಿಯಲ್ಲಿ ಇಳಿದಾಗ ಪ್ಯಾಂಟಿಗೆ ಅಂಟಿದ ಸೊನೆಗೆ ದಾರಿಯ ನೊಣಗಳೆಲ್ಲ ಅವನ ಹಿಂದೆಯೇ ಹೊರಟವು.

ಸದಾಶಿವಯ್ಯನವರ ಹೆಂಡತಿ ಬಸವಲಿಂಗಮ್ಮ ಬಾಗಿಲು ತೆಗೆದರು. "ಓ, ಆ ಪುಸ್ತಕ ಬರ್ದೋರು ನೀವೇಯಾ? ಅಯ್ಯೋ, ನಮ್ಮನೆಯವ್ರು ರಾತ್ರಿ ಕಣ್ಣು ಮುಚ್ಚಿಲ್ಲ ಕಣಪ್ಪ. ಓದೋದು, ತಲೆ ಚಚ್ಚಿಕೊಳ್ಳೋದು, ಮತ್ತೆ ಓದೋದು. ಬೆಳಿಗ್ಗೆ ಎದ್ದೋರೇ ಕಾಫೀನೂ ಕುಡೀದೆ ನಿಮ್ಮನ್ನೇ ಹುಡುಕ್ಕೊಂಡು ತುಮಕೂರಿಗೆ ಹೋದ್ರು."

ಯೋಗನರಸಿಂಹನಿಗೆ ಕಾಲಡಿಯ ಗುಬ್ಬಿಯೇ ಕುಸಿದಂತಾಯಿತು. ಬಂದ ಬಸ್ಸಿನಲ್ಲೇ ತಿರುಗಿ ಹೊರಟ.

ವಠಾರದ ಬಾಗಿಲಲ್ಲೇ ಪದ್ಮಮ್ಮನವರ ದನಿ ಕೇಳಿಸಿತು. ಜಗುಲಿಯ ಮೇಲೆ ಬಿಳಿ ಪಂಚೆಯ ವಯಸ್ಸಾದವರೊಬ್ಬರು ಲೋಟ ಹಿಡಿದು ಕೂತಿದ್ದರು. ಸುತ್ತ ಇಡೀ ವಠಾರ.

"ನಿಮ್ಮ ಕತೆ ಬರೋದು ಗುರುವಾರ ಸ್ವಾಮಿ, ಇವರು ಮಂಗಳವಾರಾನೇ ಹೇಳ್ಬಿಡ್ತಾರೆ," ಎಂದು ಪದ್ಮಮ್ಮ ಹೆಮ್ಮೆಯಿಂದ ವಿವರಿಸುತ್ತಿದ್ದರು. "ಮೂರನೇ ಬಾವಿಗೆ ನೀವು ಗರುಡನ್ನ ಕಳಿಸಿದ್ರಿ, ಇವರು ಕಪ್ಪೆ ಕಳಿಸಿದ್ರು. ಒಂದ್ಸಲವಂತೂ ನಿಮ್ಮ ಮಂತ್ರವಾದಿಗೆ ಸೀಮಂತಾನೇ ಮಾಡಿಸಿಬಿಟ್ರು! ಅಗೋ, ಬಂದ್ರು ನೋಡಿ!"

ಸದಾಶಿವಯ್ಯನವರು ತಲೆಯಿಂದ ಸೊನೆಯವರೆಗೆ ಅವನನ್ನು ನೋಡಿದರು. "ಒಳಗೆ ನಡೀರಿ. ಮಾತಾಡ್ಬೇಕು."

ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಯೋಗನರಸಿಂಹ ಕಾಲಿಗೆ ಬೀಳಲು ಬಗ್ಗಿದ. "ತಪ್ಪಾಯ್ತು ಸಾರ್, ಖುಷಿಗೆ ಬರ್ದಿದ್ದು. ಎರಡು ಮಕ್ಕ... ಒಂದು ಮಗು ಸಾರ್ ನಂಗೆ. ಕೇಸ್ ಹಾಕ್ಬೇಡಿ."

"ಕೇಸಾ?" ಸದಾಶಿವಯ್ಯನವರು ಅವನನ್ನು ಹಿಡಿದೆತ್ತಿ, ದನಿ ಇಳಿಸಿದರು. "ಮೆತ್ತಗೆ ಮಾತಾಡಪ್ಪ. ಆ ಧಾರಾವಾಹೀಲಿ ನಾನು ಬರ್ದಿದ್ದು ಮೊದಲ ಹನ್ನೆರಡು ಕಂತು ಮಾತ್ರ. ಆಮೇಲೆ ಅವಳನ್ನ ಬಾವಿಯಿಂದ ಎತ್ತೋದು ಹೆಂಗೆ ಅಂತಾನೇ ನಂಗೆ ಹೊಳೀಲಿಲ್ಲ. ಆಗ ಕುಣಿಗಲ್ಲಿಂದ ಅಡವಿಯಪ್ಪ ಅಂತ ಒಬ್ರು ಮೇಷ್ಟ್ರು, ನಿನ್ನಂಗೇ ಹುಚ್ಚು, ಮುಂದಿನ ಕತೆ ಬರ್ದು ಕಳ್ಸಿದ್ರು. ಎರಡು ವರ್ಷದಿಂದ ಅವರೇ ನಡೆಸ್ತಿದ್ರು. ಹೋದ ತಿಂಗಳು ಇದ್ದಕ್ಕಿದ್ದಂಗೆ ಕೈ ಎತ್ತಿಬಿಟ್ರು."

"ಯಾಕೆ ಸಾರ್?"

"ಸ್ವಂತ ಲೋಕ ಕಟ್ತಾರಂತೆ!" ಸದಾಶಿವಯ್ಯನವರು ಹಣೆ ಹಣೆ ಬಡಿದುಕೊಂಡರು. "ನಾಳೆಗೆ ಕಂತು ಕಳಿಸ್ಬೇಕು, ಹುಡುಗಿ ನಾಲ್ಕನೇ ಬಾವೀಲಿ. ನಿನ್ನ ಪುಸ್ತಕ ಬಂತಲ್ಲ, ದೇವರೇ ಹಗ್ಗ ಇಳಿಬಿಟ್ಟಂಗಾಯ್ತು. ಇಪ್ಪತ್ತು ಕಂತಿಗಾಗೋಷ್ಟಿದೆ. ಮುಂದಕ್ಕೂ ನೀನೇ ಬರೀಬೇಕು."

ಯೋಗನರಸಿಂಹನ ಎದೆಯ ಮೇಲಿಂದ ಯಾರೋ ರುಬ್ಬುವ ಗುಂಡು ಎತ್ತಿದಂತಾಯಿತು. ಕೇಸಿಲ್ಲ, ಸಸ್ಪೆಂಡಿಲ್ಲ. ಅದೇ ಧೈರ್ಯದಲ್ಲಿ ಮೇಘದುರ್ಗವನ್ನು ಮುಂದೆ ಹಿಡಿದ. ಸದಾಶಿವಯ್ಯನವರು ಹಾಳೆ ಮಗುಚಿದರು.

"ಮ್ಯಾಪು ಚೆನ್ನಾಗಿದೆ. ಇಲ್ಲಿ ಯಾರಿದ್ದಾರೆ?"

"ಇನ್ನೂ ಯಾರೂ ಬಂದಿಲ್ಲ ಸಾರ್."

"ಬಂದ್ಮೇಲೆ ಹೇಳು. ಅಲ್ಲೀವರೆಗೆ ಪ್ರತಿ ಬುಧವಾರ ಒಂದು ಕಂತು ನನ್ನ ಮನೆಗೆ ತಂದುಕೊಡು."

"ಹೆಸರು ಸಾರ್..."

"ವಜ್ರಮೌಳೀದೇ. ಜನಕ್ಕೆ ಅಭ್ಯಾಸ ಆಗ್ಬಿಟ್ಟಿದೆ. ನೀನೂ ಸರ್ಕಾರಿ ನೌಕರ, ಪರ್ಮಿಷನ್ ಗೋಳಿಲ್ಲ. ಇಬ್ಬರಿಗೂ ಕ್ಷೇಮ."

ಹೊರಗೆ ಬಂದಾಗ ಸದಾಶಿವಯ್ಯನವರ ಮುಖ ಹಬ್ಬದ ದಿನದ ಹೊಸ್ತಿಲಿನಂತೆ ಬೆಳಗುತ್ತಿತ್ತು. "ಇನ್ನು ಮೇಲೆ ಇನ್ನೊಬ್ರ ಕತೆ ಮುಟ್ಟಲ್ಲ ಅಂತ ಒಪ್ಕೊಂಡಿದ್ದಾರಮ್ಮ," ಎಂದು ವಠಾರಕ್ಕೆ ಸಾರಿ, ರಾಜಕುಮಾರಿಯ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಯೋಗನರಸಿಂಹ ನೆಮ್ಮದಿಯಿಂದ ತಲೆಯಾಡಿಸಿದ.

ಆಮೇಲಿನ ಗುರುವಾರದ ಕಂತಿನಲ್ಲೂ ಅವಳು ಬಾವಿಯಲ್ಲೇ ಇದ್ದಳು. ಅದರ ಮುಂದಿನ ಗುರುವಾರ ಪತ್ರಿಕೆ ಬಂತು. ರಾಜಕುಮಾರಿ ತನ್ನ ಜಡೆಯನ್ನೇ ಕತ್ತರಿಸಿ ಹಗ್ಗ ಹೊಸೆದು ಬಾವಿಯಿಂದ ಮೇಲೆ ಬಂದಿದ್ದಳು, ಒಂದಕ್ಷರವೂ ಬದಲಾಗಿರಲಿಲ್ಲ. ಯೋಗನರಸಿಂಹನೇ ಗಟ್ಟಿಯಾಗಿ ಓದಿದ. ಪದ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕೇಳಿಸ್ಕೊಂಡ್ರಾ?" ಎಂದರು ಅವನ ಕಡೆ ತಿರುಗಿ. "ಬರೆದ್ರೆ ಹೀಗೆ ಬರೀಬೇಕು. ನೀವು ಅದೂ ಇದೂ ಗೀಚಿ ಕಾಲ ಕಳೆಯೋ ಬದಲು ಆ ಸದಾಶಿವಯ್ಯನವರ ಹತ್ರ ಹೋಗಿ ನಾಲ್ಕಕ್ಷರ ಕಲ್ತು ಬರಬಾರ್ದಾ?"

"ಹೋಗ್ತಾನೇ ಇದ್ದೀನಲ್ಲ ಪದ್ಮಮ್ಮೋರೇ," ಎಂದ ಯೋಗನರಸಿಂಹ. "ಬುಧವಾರ ಬುಧವಾರ."